ದಿಂಬಿಗೆಲ್ಲಿಯ ತೆರಿಗೆ?

ಎಲ್ಲ ಅನಾಹುತಕ್ಕೂ ಮೂಲ ಅತ್ತೆಯ ಹಲ್ಲು. ಬಾಯಲ್ಲಿದ್ದ ಹಲ್ಲಲ್ಲ, ಬರಬೇಕಾಗಿದ್ದ ಹಲ್ಲು.

ಬಾಯಿ ಬೋಳಾದ ಮೇಲೆ ಅತ್ತೆ ಮಾತು ನಿಲ್ಲಿಸಿಬಿಟ್ಟಿದ್ದರು. ಬಾಯಿ ಬಿಟ್ಟರೆ ಬರೀ ಗಾಳಿ ಬರುತ್ತದೆಂದು ನಾಚಿಕೆ. ಒಂದು ಕಾಲಕ್ಕೆ ಬೀದಿಯ ತುದಿಗೂ ಕೇಳುತ್ತಿದ್ದ ಆ ದನಿಯಿಲ್ಲದೆ ಮನೆ ಬಿಕೋ ಅನ್ನುತ್ತಿತ್ತು. ಹಲ್ಲಿನ ಡಾಕ್ಟರು ಅಳತೆ ತೆಗೆದು ಹೊಸ ಸೆಟ್ಟು ಮಾಡಿಟ್ಟಿದ್ದರು. ಇಪ್ಪತ್ತು ಸಾವಿರ ಕೊಟ್ಟು ಹಾಕಿಸಿಕೊಳ್ಳುವುದಷ್ಟೇ ಬಾಕಿ. ಆದರೆ ಡಾಕ್ಟರು ನಾಳೆಯಿಂದ ಒಂದು ತಿಂಗಳು ರಜೆ.

"ಇವತ್ತು ನಿಮ್ಮ ಬೋನಸ್ಸು ಬರುತ್ತಲ್ಲ? ಸಂಜೆ ಅಮ್ಮನಿಗೆ ಹಲ್ಲು ಹಾಕಿಸ್ಲಿಲ್ಲ ಅಂದ್ರೆ ನೋಡಿ, ನಾನೂ ಮಾತು ಬಿಡ್ತೀನಿ" ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು.

ಅಳಿಯ ದಿಂಬಿನ ಕಾರ್ಖಾನೆಯಲ್ಲಿ ಹತ್ತಿ ತುಂಬಿದ ದಿಂಬುಗಳ ಬಾಯಿ ಹೊಲಿಯುತ್ತಿದ್ದ. ಯಾರು ಎಲ್ಲಿ ಒತ್ತಿದರೂ ಅಲ್ಲೇ ತಗ್ಗುವ ಗುಣ ನೋಡಿ ಜನ ಅವನಿಗೆ ಮೆತ್ತಣ್ಣ ಎಂದು ಹೆಸರಿಟ್ಟಿದ್ದರು. ಪಕ್ಕದ ಹೊಲಿಗೆ ಯಂತ್ರದಲ್ಲಿ ಕೂರುವವನಿಗೆ ಲಾಯರ್ ಎಂಬ ಹೆಸರು. ಯಾವುದೋ ಜಗಳಕ್ಕೆ ಒಮ್ಮೆ ಸಾಕ್ಷಿ ಹೇಳಿ ಬಂದಿದ್ದ, ಅಷ್ಟೇ. ಅಂದಿನಿಂದ ಅವನಿಗೆ ತಿಳಿಯದ ಕಾನೂನೇ ಇರಲಿಲ್ಲ.

"ಬೋನಸ್ಸಿನ ಇಪ್ಪತ್ತು ಸಾವಿರವೂ ಕೈಗೆ ಬರುತ್ತೆ ಅಂದ್ಕೊಂಡಿದ್ದೀಯೇನೋ?" ಲಾಯರ್ ನಕ್ಕ. "ಬೋನಸ್ಸನ್ನ ಸಂಬಳಕ್ಕೆ ಸೇರಿಸಿ ತೆರಿಗೆ ಹಾಕ್ತಾರೆ. ನಿನ್ನ ಕೈ ಮುಟ್ಟೋ ಮೊದಲೇ ಹಿಡ್ಕೋತಾರೆ. ಹದಿನಾಲ್ಕು ಬಂದ್ರೆ ನಿನ್ನ ಪುಣ್ಯ."

"ಹದಿನಾಲ್ಕಕ್ಕೆ ಮೇಲಿನ ಸಾಲು ಮಾತ್ರ ಬರುತ್ತಲ್ಲೋ!"

"ಅದಕ್ಕೇ ಹೇಳೋದು, ದುಡ್ಡು ಕೇಳ್ಬೇಡ. ದಿಂಬು ಕೇಳು. ದಿಂಬಿಗೆಲ್ಲಿಯ ತೆರಿಗೆ? ನಿಮ್ಮ ಬೀದೀಲಿ ಮಾರ್ಕೋ. ಇಪ್ಪತ್ತಕ್ಕೆ ಇಪ್ಪತ್ತೂ ನಿಂದೇ."

ಮೆತ್ತಣ್ಣ ಲೆಕ್ಕದ ಮೇಡಂ ಮುಂದೆ ಹೋಗಿ ನಿಂತ. ಅವರು ಕನ್ನಡಕ ಮೇಲೇರಿಸಿ, "ದಿಂಬು ಕೊಡಬಹುದಪ್ಪಾ. ಆದ್ರೆ ಅದರಲ್ಲಿ ಒಂದು ವಿಷಯ..." ಎನ್ನುವಷ್ಟರಲ್ಲಿ ಯಜಮಾನರು ಬಂದರು. ಗೋದಾಮಿನಲ್ಲಿ ಮಾರಾಟವಾಗದ ದಿಂಬು ಎಷ್ಟಿತ್ತೆಂದರೆ ಕಾವಲುಗಾರ ತನ್ನ ಕುರ್ಚಿಯನ್ನು ಬೀದಿಗೆ ಹಾಕಿಕೊಂಡಿದ್ದ. ಯಜಮಾನರು ಮೆತ್ತಣ್ಣನನ್ನು ತಬ್ಬಿಕೊಳ್ಳುವುದೊಂದು ಬಾಕಿ.

"ಎಂಬತ್ತು ದಿಂಬು ತಗೊಂಡು ಹೋಗಪ್ಪಾ! ಅಂಗಡಿ ಬೆಲೇಲಿ ನಲವತ್ತು ಸಾವಿರದ ಮಾಲು!"

ಮೇಡಂ ಮತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಮೆತ್ತಣ್ಣ ಅರ್ಧ ದಿನ ರಜೆ ಹಾಕಿ ಗಾಡಿ ಹುಡುಕಲು ಓಡಿದ್ದ.

ಎರಡು ಕೋಣೆಯ ಮನೆಗೆ ಎಂಬತ್ತು ದಿಂಬು ಇಳಿದಾಗ ಮನೆಯೇ ಕೆನ್ನೆ ಉಬ್ಬಿಸಿಕೊಂಡಂತಾಯಿತು. ಹೆಂಡತಿ ಅಡುಗೆಮನೆಯಿಂದ ದಿಂಬುಗಳನ್ನು ಈಜಿಕೊಂಡು ಬಂದಳು.

"ಹಲ್ಲು ತನ್ನಿ ಅಂದ್ರೆ ದಿಂಬು ತಂದಿದ್ದೀರಾ? ಅಮ್ಮ ಇದನ್ನ ಚೀಪ್ತಾ ಕೂರ್ಬೇಕಾ?"

"ದಿಂಬಿಗೆ ತೆರಿಗೆ ಇಲ್ಲ ಅಂತ ಲಾಯರೇ ಹೇಳಿದ್ದಾನೆ. ಒಂದಕ್ಕೆ ಇನ್ನೂರೈವತ್ತರಂತೆ ಮಾರಿದ್ರೆ ಸಂಜೆಯೊಳಗೆ ಹಲ್ಲೇ ಕಣೇ!"

ಸುದ್ದಿ ಬೀದಿಗೆ ಹಬ್ಬಿತು. ಮೊದಲು ಮಹಡಿ ಮನೆ ಅಕ್ಕ ಬಂದರು. ದಿಂಬನ್ನು ಹಿಟ್ಟು ನಾದಿದ ಹಾಗೆ ನಾದಿ, "ಒಂದು ರಾತ್ರಿ ಮಲಗಿ ನೋಡದೆ ದಿಂಬು ಕೊಳ್ಳೋದು ಹ್ಯಾಗೆ? ನಾಳೆ ಹೇಳ್ತೀನಿ" ಎಂದು ಕಂಕುಳಲ್ಲಿ ಇರುಕಿಕೊಂಡು ಹೋದರು. ಹಿಂದೆಯೇ ನಿವೃತ್ತ ಮೇಷ್ಟ್ರು: "ನನಗೆ ಕುತ್ತಿಗೆ ನೋವು. ಎರಡು ಬೇಕು. ನೋವು ಹೋದ ಮೇಲೆ ದುಡ್ಡು." ಮೆತ್ತಣ್ಣ ಎಲ್ಲರಿಗೂ ತಲೆಯಾಡಿಸಿದ. ನೋಡನೋಡುತ್ತ ಇಪ್ಪತ್ತು ದಿಂಬು ಹೋದವು, ಇಪ್ಪತ್ತು ಪೈಸೆ ಬರಲಿಲ್ಲ.

ಆಗ ಒಳಗಿನಿಂದ ಅತ್ತೆ ಹೊರಬಂದರು. ತುಟಿಪಿಟಕ್ಕೆನ್ನಲಿಲ್ಲ. ದಿಂಬಿನ ರಾಶಿಯ ಮೇಲೇರಿ ಕೂತು ಅಂಗೈ ಚಾಚಿದರು. ಬಾಯಲ್ಲಿ ಹಲ್ಲಿಲ್ಲದಿದ್ದರೇನು, ಕಣ್ಣಲ್ಲಿತ್ತು. ಬಂದವರು ಪುಕ್ಕಟೆ ಎಂಬ ಮಾತನ್ನು ನುಂಗಿಕೊಂಡು ನೋಟು ತೆಗೆದರು. ಆಮೇಲೆ ಅತ್ತೆ ಇಳಿದು, ದಿಂಬು ಒಯ್ದವರ ಮನೆಮನೆಗೂ ಹೋಗಿ ಬಾಗಿಲಲ್ಲಿ ಸುಮ್ಮನೆ ನಿಂತರು. ಮೇಷ್ಟ್ರ ಕುತ್ತಿಗೆ ನೋವು ಅಲ್ಲೇ ವಾಸಿಯಾಯಿತು. ಹೊತ್ತು ಮುಳುಗುವ ಮೊದಲೇ ಇಪ್ಪತ್ತು ಸಾವಿರ ಪೂರ್ತಿ!

ಹಲ್ಲಿನ ಆಸ್ಪತ್ರೆಯಲ್ಲಿ ಮೆತ್ತಣ್ಣ ಎದೆಯುಬ್ಬಿಸಿ ದುಡ್ಡು ಕಟ್ಟಿದ. ತೆರಿಗೆಯವರ ಕಣ್ಣಿಗೆ ಮಣ್ಣೆರಚಿದ ಶೂರ ತಾನೇ ಎಂಬಂತೆ ಕಾಲ ಮೇಲೆ ಕಾಲು ಹಾಕಿ ಕೂತ. ಡಾಕ್ಟರು ಅತ್ತೆಯ ಬಾಯಿಗೆ ಸೆಟ್ಟು ಕೂರಿಸುತ್ತಿರುವಾಗ ಅವನ ಫೋನು ಬಡಿದುಕೊಂಡಿತು. ಲೆಕ್ಕದ ಮೇಡಂ. ಅವರ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಮಾತು ಮುಗಿಸೋಕೇ ಬಿಡ್ಲಿಲ್ವಲ್ಲಪ್ಪಾ! ಬೋನಸ್ಸು ದುಡ್ಡಲ್ಲಿ ಕೊಟ್ರೂ ಅಷ್ಟೇ, ದಿಂಬಲ್ಲಿ ಕೊಟ್ರೂ ಅಷ್ಟೇ, ತೆರಿಗೆ ಇದ್ದೇ ಇದೆ. ಅದೂ ಅಂಗಡಿ ಬೆಲೆ ಮೇಲೆ. ದುಡ್ಡು ತಗೊಂಡಿದ್ರೆ ಆರು ಸಾವಿರ ಹೋಗ್ತಿತ್ತು. ಈಗ ಹನ್ನೆರಡು."

"ಆದ್ರೆ... ದಿಂಬೆಲ್ಲ ಮಾರಿಹೋಯ್ತಲ್ಲ ಮೇಡಂ. ಎಲ್ಲಿಂದ ಹಿಡೀತೀರಿ?"

"ದಿಂಬಿನ ಮೂಲೆ ಕತ್ತರಿಸಿ ಸರ್ಕಾರಕ್ಕೆ ಕಟ್ಟೋಕಾಗುತ್ತಾ? ನಿಮ್ಮ ಈ ತಿಂಗಳ ಸಂಬಳದಲ್ಲೇ ಹಿಡಿದಾಯ್ತು. ಉಳಿದಿದ್ದು ನಾಳೆ ಬಂದು ತಗೊಳ್ಳಿ. ದೊಡ್ಡ ಚೀಲ ಏನೂ ಬೇಡ."

ಮೆತ್ತಣ್ಣ ಮೇಲಿದ್ದ ಕಾಲನ್ನು ಮೆಲ್ಲಗೆ ಕೆಳಗಿಳಿಸಿದ.

ಡಾಕ್ಟರು ಕೈ ಒರೆಸಿಕೊಳ್ಳುತ್ತಾ, "ಆಯ್ತಮ್ಮ, ಕೂತಿದೆ. ಜಾರುತ್ತಾ ಏನು ಅಂತ ಗೊತ್ತಾಗ್ಬೇಕು. ಏನಾದ್ರೂ ಮಾತಾಡಿ ನೋಡಿ" ಎಂದರು.

ಅತ್ತೆ ಕನ್ನಡಿಯತ್ತ ಹೊರಳಲಿಲ್ಲ. ಅಳಿಯನತ್ತ ಹೊರಳಿದರು.

"ಅಲ್ರೀ ಅಳಿಯಂದ್ರೇ! ಆ ಕಾರ್ಖಾನೇಲಿ ಹತ್ತಿ ತುಂಬೋದು ದಿಂಬಿಗೋ, ನಿಮ್ಮ ತಲೆಗೋ? ಆ ಲಾಯರು ಬಾವಿಗೆ ಬೀಳು ಅಂದ್ರೆ ಆಳ ಎಷ್ಟು ಅಂತಾನೂ ಕೇಳ್ದೆ ಬೀಳ್ತೀರಾ? ಲೆಕ್ಕ ಗೊತ್ತಿರೋ ಹೆಂಗಸು ಬಾಯಿ ತೆಗೆದ್ರೆ ಒಂದು ಗಳಿಗೆ ನಿಂತು ಕೇಳೋಕೆ ನಿಮ್ಮ ಕಾಲಿಗೇನು ಬೆಂಕಿ ಬಿದ್ದಿತ್ತಾ?"

ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಮಾತು ಕೆರೆ ಕೋಡಿ ಬಿದ್ದಂತೆ ನುಗ್ಗಿತು. ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು. ಮೆತ್ತಣ್ಣ ಎಲ್ಲಿ ಒತ್ತಿದರಲ್ಲಿ ತಗ್ಗುತ್ತಾ ತಗ್ಗುತ್ತಾ ಕುರ್ಚಿಯಲ್ಲೇ ಕಾಣೆಯಾಗುವಂತಿದ್ದ.

ಡಾಕ್ಟರ ಮುಖ ಮಾತ್ರ ಹಿಗ್ಗಿ ಹೀರೇಕಾಯಾಗಿತ್ತು. "ಭಲೇ! ಒಂದಕ್ಷರಾನೂ ಜಾರ್ತಿಲ್ಲ!" ಎಂದು ಮೆತ್ತಣ್ಣನ ಬೆನ್ನು ತಟ್ಟಿದರು. "ನಾನು ರಜೆ ಮುಗಿಸಿ ಬರೋವರೆಗೂ ಅಮ್ಮ ಹೀಗೇ ಬಿಡದೆ ಮಾತಾಡ್ತಾ ಇರ್ಲಿ. ಇನ್ನೂ ಗಟ್ಟಿಯಾಗುತ್ತೆ."