ನಲವತ್ತೊಂಬತ್ತು ಪೂಜೆಯ ಟ್ಯಾಕ್ಸ್ ಕಾರ್ಡು

ಎಲ್ಲ ರಾಡಿಯೂ ಶುರುವಾದದ್ದು ಹಣಮಂತಪ್ಪನ ಹೊಸ ಕನ್ನಡಕದಿಂದ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಆರು ವರ್ಷ ಮಬ್ಬಿನಲ್ಲಿ ಕಳೆದ ಆ ಮನುಷ್ಯ, ಕಣ್ಣು ನಿಚ್ಚಳವಾದ ಖುಷಿಗೆ ಎದುರಾದದ್ದನ್ನೆಲ್ಲ ಗಟ್ಟಿಯಾಗಿ ಓದತೊಡಗಿದ್ದ. ಹಾಲಿನ ಪಾಕೀಟು ಓದಿದ. ಕರೆಂಟ್ ಬಿಲ್ಲು ಓದಿದ. ಕೊನೆಗೆ ಪಕ್ಕದ ಮನೆಯ ಶ್ರೀಶೈಲನ ಕಟ್ಟೆಗೆ ಬಂದು ಕುಳಿತು, ಪೇಪರು ಬಿಡಿಸಿ, ಸ್ಟಾಪು ಕೂಗುವ ದನಿಯಲ್ಲಿ ಕೂಗಿದ:

“ಹಳೇ ಗಾಡೀ ಮಾಲಕರ ಕೇಳ್ರಿ! ಕಾಗದದ ಟ್ಯಾಕ್ಸ್ ಕಾರ್ಡು ಇನ್ನ ಮುಂದ ನಡ್ಯಾಂಗಿಲ್ಲ. ಕಂಪ್ಯೂಟರ್‌ನ್ಯಾಗ ಏರಸಾಕ ಇವತ್ತ ಕಡೇ ದಿನ. ಸಂಜೀ ಐದರ ಮಟಾ!”

ಅಂಗಳದಲ್ಲಿ ಯೆಜ್ಡಿ ಮೋಟರ್‌ಸೈಕಲ್ಲಿಗೆ ಮೈ ಒರೆಸುತ್ತಿದ್ದ ಶ್ರೀಶೈಲನ ಕೈಯೊಳಗಿನ ಅರಿವೆ ಹಾಗೇ ನಿಂತಿತು.

“ಇವತ್ತ? ಮೊದಲ ಯಾಕ ಹೇಳಲಿಲ್ಲ ಕಾಕಾ?”

“ಮೊದಲ ಕಾಣತಿರಲಿಲ್ಲಲೇ ತಮ್ಮಾ!”

ಬೈಲಹೊಂಗಲದ ಬಜಾರಿನಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ ಇಟ್ಟಿದ್ದ ಶ್ರೀಶೈಲನಿಗೆ ಅಂಗಡಿ ಹೊಟ್ಟೆಪಾಡು, ಯೆಜ್ಡಿ ಪ್ರಾಣ. ಎಪ್ಪತ್ತೈದನೇ ಇಸವಿಯ ಗಾಡಿ ಅದು, ತೀರಿಹೋದ ಅಪ್ಪ ಮಡಿವಾಳೆಪ್ಪ ಬಿಟ್ಟುಹೋದದ್ದು. ಬರುವ ರವಿವಾರ ಕಿತ್ತೂರಿನಲ್ಲಿ ಹಳೆಯ ಮೋಟರ್‌ಸೈಕಲ್ಲುಗಳ ಮೇಳವಿತ್ತು. ಮಾಲೀಕರ ಹೆಸರನ್ನು ಮೈಕಿನಲ್ಲಿ ಕರೆದು, ತಲೆಗೆ ಕೆಂಪು ರುಮಾಲು ಸುತ್ತುತ್ತಾರೆ. ಆ ರುಮಾಲಿಗಾಗಿ ಶ್ರೀಶೈಲ ಎಂಟು ದಿನ ಮೊದಲೇ ಕಟಿಂಗ್ ಮಾಡಿಸಿಕೊಂಡಿದ್ದ. ಆದರೆ ಕಂಪ್ಯೂಟರಿನಲ್ಲಿ ಹೆಸರಿಲ್ಲದ ಗಾಡಿಗೆ ಸಾಲಿನಲ್ಲಿ ಜಾಗವಿಲ್ಲ.

ಅವನು ಓಡಿಹೋಗಿ ಗಾಡಿಯ ಡಬ್ಬಿಯಿಂದ ಟ್ಯಾಕ್ಸ್ ಕಾರ್ಡು ತೆಗೆದ. ಉಳಿದ ಕಾಗದಗಳನ್ನೆಲ್ಲ ಇಲಿ ಎಂದೋ ತಿಂದಿತ್ತು. ಈ ಕಾರ್ಡನ್ನು ಮಾತ್ರ ಇಲಿಯೂ ಮುಟ್ಟಿರಲಿಲ್ಲ. ಯಾಕೆಂದರೆ ಪ್ರತಿವರ್ಷ ಮಹಾನವಮಿಯ ಆಯುಧಪೂಜೆಯಲ್ಲಿ ಗಾಡಿಯ ಜೊತೆ ಕಾರ್ಡಿಗೂ ಪೂಜೆ. ಶ್ರೀಶೈಲನ ಅವ್ವ ದೇವಕ್ಕ ಸವದತ್ತಿ ಯಲ್ಲಮ್ಮನ ಭಂಡಾರವನ್ನು, ಅಂದರೆ ಗುಡಿಯ ಅರಿಷಿಣ ಪುಡಿಯನ್ನು, ಎಣ್ಣೆಯಲ್ಲಿ ಕಲಸಿ ಅದಕ್ಕೆ ಸವರುತ್ತಿದ್ದಳು. ನಲವತ್ತೊಂಬತ್ತು ಮಹಾನವಮಿ, ನಲವತ್ತೊಂಬತ್ತು ಪದರು. ಈಗ ಅದು ಕಾಗದವಾಗಿ ಉಳಿದಿರಲಿಲ್ಲ, ತುಪ್ಪ ಕಾಣದ ಹೋಳಿಗೆಯಾಗಿತ್ತು. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ಶ್ರೀಶೈಲ ಇದನ್ನೇ ತೋರಿಸುತ್ತಿದ್ದ. ಅವರು ಕಣ್ಣಿಗೊತ್ತಿಕೊಂಡು, “ಹೋಗ್ರಿ, ತಾಯಿ ಅದಾಳ” ಎಂದು ಬಿಡುತ್ತಿದ್ದರು. ಹೀಗಾಗಿ ಅದರೊಳಗೆ ಏನು ಬರೆದಿದೆ ಎಂದು ಓದಿದವರೇ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ದೇವಕ್ಕ ಹೇಳಿದಳು, “ಬಿಡಪಾ, ಅದನ್ನೇನ ಕೆದರತಿ? ಮೇಳ ಹ್ವಾದ್ರ ಹೋಗಲಿ.”

“ಅವ್ವಾ, ಅಪ್ಪನ ಹೆಸರಿನ ಪ್ರಶ್ನೆ ಇದು!” ಎಂದು ಗುಡುಗಿ ಶ್ರೀಶೈಲ ಗಾಡಿಗೆ ಕಿಕ್ ಹೊಡೆದ. ಕರೆಯದಿದ್ದರೂ ಹಣಮಂತಪ್ಪ ಹಿಂದೆ ಏರಿ, “ರೈಟ್!” ಎಂದ.

ಕಂಪ್ಯೂಟರ್ ಸೆಂಟರಿನ ಕಾಂತೇಶ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. “ಅಣ್ಣಾರ, ಇದನ್ನ ಸ್ಕ್ಯಾನ್ ಮಾಡಲ್ಯೊ, ಹೆಚ್ಚಲ್ಯೊ?”

“ಸ್ಕ್ಯಾನ್ ಮಾಡೋ ಮಾರಾಯ.”

ಮಾಡಿದ. ಪರದೆಯ ತುಂಬ ಸೂರ್ಯಕಾಂತಿ ಹೊಲದಂಥ ಹಳದಿ ಬಿಟ್ಟರೆ ಮತ್ತೇನಿಲ್ಲ. ಮೇಲಾಗಿ ಯಂತ್ರದ ಗಾಜಿಗೂ ಭಂಡಾರ ಮೆತ್ತಿಕೊಂಡು, ಮುಂದಿನ ಪಾಳಿಯ ಕೆಂಪವ್ವನ ಆಧಾರ್ ಫೋಟೋ ಹಳದಿಯಾಗಿ ಹೊರಬಂತು. ಎಪ್ಪತ್ತು ದಾಟಿದ ಮುದುಕಿ ಅದನ್ನು ನೋಡಿ, “ಎಪ್ಪಾ, ಈ ವಯಸ್ಸಿನ್ಯಾಗ ನನಗ ಅರಿಷಿಣಾ ಹಚ್ಚಿ ಕುಂಡ್ರಿಸಿದ್ರಲ್ಲೋ!” ಎಂದು ನಾಚಿದಳು.

“ಮಾಲಕರ ಹೆಸರು ಕಾಣಬೇಕ್ರಿ ಅಣ್ಣಾರ.”

“ಮಡಿವಾಳೆಪ್ಪ ಅಂತ ಬರಕೋ. ನಾ ಹೇಳಾಕ ಹತ್ತೇನಲಾ?”

“ನೀವು ಹೇಳಿದ್ದು ನನಗ ಕೇಳತೈತಿ, ಇದಕ್ಕ ಕೇಳಂಗಿಲ್ಲ. ಆರ್‌ಟಿಓ ಕಚೇರಿಗೆ ಹೋಗ್ರಿ.”

ಕಚೇರಿಯ ಮೇಡಂ ಕಾರ್ಡು ಕಂಡ ಕೂಡಲೇ ಚಪ್ಪಲಿ ಬಿಟ್ಟು ಎದ್ದು ನಿಂತರು. ಪಾಳಿಯಲ್ಲಿದ್ದವರು ಮುಂದೆ ಬಾಗಿದರು. ಒಬ್ಬ ಬೆರಳು ತಾಗಿಸಿ ಹಣೆಗೆ ಹಚ್ಚಿಕೊಂಡ. ಅವನ ಹಿಂದಿನವನು, ಹಿಂದಿನವನ ಹಿಂದಿನವನು, ಹೀಗೆ ನಿಮಿಷದೊಳಗೆ ಪಾಳಿಗೆ ಪಾಳಿಯೇ ಹಣೆ ಹಳದಿ ಮಾಡಿಕೊಂಡು ನಿಂತಿತು. ಡ್ರೈವಿಂಗ್ ಲೈಸೆನ್ಸಿಗೆ ಬಂದವನೊಬ್ಬ ಟೆಸ್ಟು ಪಾಸಾಗಲಿ ಎಂದು ಹರಕೆಯನ್ನೂ ಹೊತ್ತ.

“ಮೇಡಂ, ಒಂದೀಟು ಕೆರದು ನೋಡ್ರಿ,” ಎಂದ ಶ್ರೀಶೈಲ.

“ತಾಯೀ ಭಂಡಾರ! ನಾ ಕೆರಿಯಂಗಿಲ್ರಿ. ಹೆಸರಿನ ಸಾಲು ಕಾಣೂ ಹಂಗ ತರ್ರಿ, ಏರಸತೇನಿ. ಐದಕ್ಕ ಕಂಪ್ಯೂಟರ್ ತಾನ ಬಾಗಲಾ ಹಾಕ್ಕೋತೈತಿ.”

ಆಗ ಹಣಮಂತಪ್ಪ ಮುಂದೆ ಬಂದ. “ಮೂವತ್ತು ವರ್ಷ ಕಾಗದಾನ ಹರದೇನಿ. ಕಾಗದದ ಸ್ವಭಾವ ನನಗ ಗೊತ್ತೈತಿ. ಇದಕ್ಕ ಹಬೀ ಕೊಡಬೇಕು.”

ಕಚೇರಿಯ ಎದುರಿಗೆ ಲಗಮಪ್ಪನ ಚಹಾದಂಗಡಿ. ಕೆಟಲಿನ ಬಾಯಿಗೆ ಕಾರ್ಡು ಹಿಡಿದರು. ಹಬೆ ತಾಗಿದಂತೆ ಒಂದೊಂದೇ ಪದರು ಮೇಲೆದ್ದು ಹಪ್ಪಳದಂತೆ ಕಳಚತೊಡಗಿತು. ಗಾಢ ಹಳದಿ, ತಿಳಿ ಹಳದಿ, ಬರಗಾಲದ ವರ್ಷದ ತೆಳು ಪದರು, ಒಳ್ಳೆಯ ಮಳೆಯಾದ ವರ್ಷದ ದಪ್ಪ ಪದರು. ಒಂದರಲ್ಲಿ ಒಣಗಿದ ಶ್ಯಾವಂತಿಗೆ ಎಸಳು. ಆಮೇಲೆ ಎಲ್ಲಕ್ಕಿಂತ ಕೆಳಗೆ, ನೀಲಿ ಶಾಯಿಯ ಒಂದು ಅಂಕಿ ಕಾಣಿಸಿತು. ಇನ್ನೊಂದು. ಎಂಜಿನ್ ನಂಬರು. ನಿನ್ನೆ ಒತ್ತಿದಷ್ಟು ಚೊಕ್ಕವಾದ ಸರಕಾರದ ದುಂಡು ಮೊಹರು. ಎಂದೋ ಸತ್ತುಹೋಗಿರಬಹುದಾದ ಅಧಿಕಾರಿಯ, ಬಳ್ಳಿ ಹಬ್ಬಿದಂಥ ಸಹಿ.

ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಲಗಮಪ್ಪ ನೋಡಲಿಲ್ಲ. “ಐವತ್ತು ವರ್ಷ ಕತ್ತಲದಾಗ ಕುಂತು ಒಂದ ಅಕ್ಷರಾ ಅಳಿಸಿಹೋಗಿಲ್ಲ ನೋಡ್ರಿ,” ಎಂದ ಅವನು, ಗುಡಿಯೊಳಗೆ ಆಡುವ ದನಿಯಲ್ಲಿ. ಶ್ರೀಶೈಲನ ಕಣ್ಣು ತುಂಬಿತು. ಹಬೆಯಿಂದ ಎಂದು ಒರೆಸಿಕೊಂಡ.

ಆದರೆ ಹೆಸರಿನ ಸಾಲು ಮಾತ್ರ ಜಗ್ಗಲಿಲ್ಲ. ಅಲ್ಲಿ ಭಂಡಾರ ಬೇರೆಡೆಗಿಂತ ಮೂರುಪಟ್ಟು ದಪ್ಪವಾಗಿ, ಕಲ್ಲಾಗಿ ಕೂತಿತ್ತು. ಹಣಮಂತಪ್ಪ ಮತ್ತೆ ಹಬೆ ಕೊಟ್ಟ, ಊದಿದ, ಬೈದ. ಕೈ ಸುಟ್ಟುಕೊಂಡು, “ಇದು ನಮ್ಮ ಕೈಲೆ ಇಳಿಯೂ ಪ್ಯಾಸೆಂಜರ್ ಅಲ್ಲ. ಹತ್ತಿಸಿದವರ ಇಳಸಬೇಕು. ವೈನೀನ, ನಿಮ್ಮವ್ವನ್ನ, ಕರಕೊಂಡು ಬಾ,” ಎಂದ.

ನಾಲ್ಕೂವರೆ. ಶ್ರೀಶೈಲ ಮನೆಗೆ ಹಾರಿದ. ಒಲ್ಲೆನೆಂದ ಅವ್ವನನ್ನು ಹಿಂದೆ ಕೂರಿಸಿಕೊಂಡು ಬಜಾರಿನ ತಗ್ಗುಗಳಲ್ಲೆಲ್ಲ ಎಗರಿಸುತ್ತ ಕಚೇರಿಗೆ ತಂದ. ಇಳಿದಾಗ ದೇವಕ್ಕನ ತಲೆಯ ಮೇಲೆ ಸೆರಗಿರಲಿಲ್ಲ, ಮೈಯಲ್ಲಿ ಉಸಿರಿರಲಿಲ್ಲ.

ಮೇಡಂ ಕುರ್ಚಿ ಕೊಟ್ಟರು. ದೇವಕ್ಕ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ಅವ್ವಾ, ಐದಕ್ಕ ಹತ್ತ ನಿಮಿಷ ಐತಿ!”

ಆಕೆ ಮಗನನ್ನೊಮ್ಮೆ ನೋಡಿ, ತುರುಬಿನ ಎಣ್ಣೆಗೆ ಹೆಬ್ಬೆರಳು ಒತ್ತಿ, ಆ ಸಾಲಿನ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ತಿಕ್ಕಿದಳು. ಸೆರಗಿನಿಂದ ಒರೆಸಿದಳು. ಭಂಡಾರ ಬೆಣ್ಣೆಯಾಗಿ ಜಾರಿತು. ಮೇಡಂ ಬಗ್ಗಿ ಓದಿದರು:

“ಮಾಲೀಕರು, ಶ್ರೀಮತಿ ದೇವಕ್ಕ. ಗಂಡ, ಮಡಿವಾಳೆಪ್ಪ.”

ಹಣಮಂತಪ್ಪ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದ. ಅದೇ ಇತ್ತು.

“ಮದಿವ್ಯಾಗ ನಮ್ಮಪ್ಪ ಕೊಟ್ಟಿದ್ದ,” ಎಂದಳು ದೇವಕ್ಕ. “ಸಂಪಗಾಂವದ ವ್ಯಾಪಾರಸ್ಥ, ಕೇಳಬೇಕ? ಅಳಿಯನ ಹೆಸರಿಗೆ ಮಾಡಿದ್ರ ಮಾರಿ ಇಸ್ಪೀಟ ಆಡ್ತಾನಂತ ನನ್ನ ಹೆಸರಿಗೆ ಮಾಡಿಸಿದ. ಇವರಿಗೆ ನಾಚಿಕಿ. ಹೆಂಡ್ತಿ ಗಾಡಿ ಹೊಡಿತಾನಂತ ಮಂದಿ ನಗತಾರಂತ. ಪೂಜಿ ದಿವಸ ಬಾಜೂಕ ಬಂದು ಕುಂತು, ‘ದೇವೀ, ಆ ಸಾಲಿನ ಮ್ಯಾಲ ಒಂದೀಟ ಜಾಸ್ತಿ ಹಚ್ಚ’ ಅಂತಿದ್ರು.”

“ಅಪ್ಪ ಹೋಗಿ ಹನ್ನೊಂದ ವರ್ಷಾತಲ್ಲವಾ?” ಎಂದ ಶ್ರೀಶೈಲ.

“ಕೈಗೆ ರೂಢಿ ಆಗಿತ್ತಪಾ.”

ಮೇಡಂ ಟಕಟಕನೆ ಒತ್ತಿದರು. ಐದಕ್ಕೆ ಮೂರು ನಿಮಿಷವಿರುವಾಗ ಪರದೆಯ ಮೇಲೆ ದೇವಕ್ಕನ ಹೆಸರು ಹಸಿರು ಅಕ್ಷರದಲ್ಲಿ ಮೂಡಿತು. ಪಾಳಿಯ ಹಳದಿ ಹಣೆಗಳೆಲ್ಲ ಕೌಂಟರಿನ ಗಾಜಿಗೆ ಅಂಟಿಕೊಂಡವು. “ಇನ್ನ ಇದನ್ನ ಅಳಸಾಕ ಆಗಂಗಿಲ್ಲೇನವಾ?” ಎಂದು ದೇವಕ್ಕ ಕೇಳಿದಳು. “ಯಾರ ಕೈಲೂ ಆಗಂಗಿಲ್ರಿ ಅವ್ವಾರ,” ಎಂದರು ಮೇಡಂ. ಆಕೆ ಪರದೆಯನ್ನು ಮುಟ್ಟಿ, ಬೆರಳು ಕಣ್ಣಿಗೊತ್ತಿಕೊಂಡಳು.

ಶ್ರೀಶೈಲ ಮೇಜಿನ ಹತ್ತಿರ ಸರಿದ. “ಮೇಡಂ, ಹೆಸರು ನನಗ ಬದಲಿ ಮಾಡಾಕ...?”

“ಅರ್ಜಿ ಈಗ ಹಾಕಬಹುದ್ರಿ. ಅವ್ವಾರ ಮೊಬೈಲಿಗೆ ಓಟಿಪಿ ಬರತೈತಿ. ಅವರು ಹೇಳಿದ್ರ ಆತು.”

ದೇವಕ್ಕನ ಸೊಂಟದ ಚೀಲದೊಳಗಿನ ಗುಂಡಿ ಫೋನು ಗುಂಯ್‌ಗುಟ್ಟಿತು. ಆಕೆ ಕಣ್ಣು ಕಿರಿದಾಗಿಸಿ ಆರು ಅಂಕಿ ಓದಿಕೊಂಡಳು. ಶ್ರೀಶೈಲ ಕೈ ಚಾಚಿದ. ದೇವಕ್ಕ ಫೋನನ್ನು ಮತ್ತೆ ಚೀಲಕ್ಕೆ ಸೇರಿಸಿ ದಾರ ಬಿಗಿದಳು.

“ಐವತ್ತ ವರ್ಷ ಮುಚ್ಚಿ ಇಟ್ಟೇನಿ. ನಾಕ ದಿನ ಬೆಳಕಿನ್ಯಾಗ ಇರಲಿ.” ಆಮೇಲೆ ಮೇಡಂ ಕಡೆ ತಿರುಗಿ, “ಕಿತ್ತೂರಾಗ ರುಮಾಲು ಸುತ್ತತಾರಂತಲಾ, ಹೆಣ್ಮಕ್ಕಳಿಗೂ ಸುತ್ತತಾರೇನವಾ?”

“ಮಾಲಕರು ಯಾರೋ ಅವರಿಗೆ ಸುತ್ತತಾರ್ರಿ.”

ದೇವಕ್ಕ ಹೊರಗೆ ಬಂದಳು. ಶ್ರೀಶೈಲ ಹಿಂದೆಯೇ ಓಡಿ ಹ್ಯಾಂಡಲ್ ಹಿಡಿದ.

“ನೀ ಬ್ಯಾಡ. ಬರೂವಾಗ ನನ್ನ ನಡಾ ಮುರದಿ. ಹಣಮಂತಪ್ಪ, ನಿನಗ ಹೊಡಿಯಾಕ ಬರ್ತದಲಾ?”

“ಬರ್ತದ್ರಿ ವೈನಿ. ಆದ್ರ ಇದನ್ನ ಮುಟ್ಟಾಕ ಇವಾ ಒಂದ ದಿನಾನೂ ಬಿಟ್ಟಿಲ್ರಿ.”

“ನಾ ಬಿಡತೇನಿ.”

ಯೆಜ್ಡಿ ಒಂದೇ ಕಿಕ್ಕಿಗೆ ಎದ್ದಿತು. ದೇವಕ್ಕ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತು ಬಜಾರಿನ ಕಡೆ ಹೊರಟಳು. ಕಚೇರಿಯ ಮೆಟ್ಟಿಲ ಮೇಲೆ ಮೇಡಂ, ಲಗಮಪ್ಪ, ಇಡೀ ಪಾಳಿ ಕೈಮುಗಿದು ನಿಂತಿತ್ತು. ಹೊಗೆ ತಿಳಿಯಾದಾಗ ನೋಡಿದರೆ, ಹೊಸ ಕಟಿಂಗಿನ ಶ್ರೀಶೈಲನ ಕೈಗಳೂ ಅವನಿಗೆ ಗೊತ್ತಿಲ್ಲದೆ ಮುಗಿದುಕೊಂಡಿದ್ದವು.