ಹಿತ್ತಲ ಕಲ್ಲಿನ ತಕರಾರು

ಇನ್ನೊಬ್ಬರ ಮೇಲೆ ತಕರಾರು ಅರ್ಜಿ ಬರೆಯುವುದರಲ್ಲಿ ಒಂದು ವಿಶೇಷ ಸುಖವಿದೆ. ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮಕ್ಕಳ ಕಾಪಿ ತಿದ್ದುವಾಗ ಕುಂಟುವ ನನ್ನ ಪೆನ್ನು, ಅರ್ಜಿಯ ಕಾಗದ ಕಂಡರೆ ಸಲೀಸಾಗಿ ಓಡುತ್ತದೆ. ಅಕ್ಷರ ದುಂಡಗಾಗುತ್ತದೆ, ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ, ಊರಿನಲ್ಲಿ ಸತ್ಯವಂತ ಅಂತ ಉಳಿದವನು ನಾನೊಬ್ಬನೇ ಅನ್ನಿಸತೊಡಗುತ್ತದೆ. ರೈಲು ತಡವಾದದ್ದಕ್ಕೆ, ಸ್ಟೇಷನ್ನಿನ ಚಹಾ ತಣ್ಣಗಿದ್ದದ್ದಕ್ಕೆ, ನಮ್ಮ ಹೆಡ್‌ಮಾಸ್ತರರು ಗಂಟೆಯನ್ನು ಐದು ನಿಮಿಷ ಮೊದಲೇ ಬಾರಿಸಿದ್ದಕ್ಕೆ, ಹೀಗೆ ಎಲ್ಲದಕ್ಕೂ ಬರೆದಿದ್ದೇನೆ. ಯಾವುದಕ್ಕೂ ಉತ್ತರ ಬಂದದ್ದಿಲ್ಲ. ಫಲ ಕೊಟ್ಟ ಅರ್ಜಿ ಒಂದೇ ಒಂದು. ಅದರ ಶ್ರೇಯಸ್ಸು ನನ್ನದಲ್ಲ ಎನ್ನುವುದನ್ನು ಇಷ್ಟು ವರ್ಷಗಳ ಮೇಲಾದರೂ ಹೇಳಿಬಿಡಬೇಕು.

ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ವಾಡಿಗೂ ಶಹಾಬಾದಕ್ಕೂ ನಡುವಿನ ಒಂದು ಊರಿನ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದೆ. ಊರಿನ ಹೆಸರು ಬೇಡ, ಆ ಜನ ಇನ್ನೂ ನನ್ನನ್ನು ಮಾತಾಡಿಸುತ್ತಾರೆ. ನಮ್ಮ ಓಣಿಯಿಂದ ಪಂಚಾಯಿತಿಗೆ ಆರಿಸಿ ಬಂದ ಮೆಂಬರು ಬಸವಂತರಾಯರು. ದೊಡ್ಡ ಮನುಷ್ಯರು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಕಟ್ಟೆ. ದಿನಾ ಸಂಜೆ ಆ ಕಟ್ಟೆಯ ಮೇಲೆ ಕುಳಿತು ಅವರ ಮನೆಗೆ ಬರುತ್ತಿದ್ದ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಟ್ಟಿಯಾಗಿ ಓದುವುದು ನನ್ನ ಪದ್ಧತಿ. ನಡುನಡುವೆ ಒಳಗಿನಿಂದ ಚಹಾ ಬರುತ್ತಿತ್ತು, ಅದನ್ನೂ ಬೇಡವೆನ್ನುತ್ತಿರಲಿಲ್ಲ.

ಆ ವರ್ಷ ನಮ್ಮ ಓಣಿಗೆ ಹೊಸ ಗಟಾರ ಬಂತು. ಮೇಲೆ ಹಾಸಲು ದಪ್ಪ ಫರಸಿ ಕಲ್ಲು ಮಂಜೂರಾಗಿತ್ತು. ನಮ್ಮ ಕಡೆ ಕಲ್ಲಿಗೇನು ಬರವೇ, ನೆಲ ಅಗೆದರೆ ಫರಸಿ ಸಿಗುತ್ತದೆ. ಆದರೂ ಗುತ್ತೇದಾರ ಗಟಾರಕ್ಕೆ ಹಪ್ಪಳದಷ್ಟು ತೆಳು ಕಲ್ಲು ಹಾಸಿ ಹೋದ. ಅದೇ ತಿಂಗಳು ಬಸವಂತರಾಯರ ಕಟ್ಟೆಯ ತುಂಬ ನೀಲಿ ಛಾಯೆಯ ದಪ್ಪ ಕಲ್ಲು ಬಂದು ಕೂತವು. ಗುತ್ತೇದಾರನ ಪ್ರೀತಿಯ ಕಾಣಿಕೆ ಎಂದು ಓಣಿಗೆಲ್ಲ ಗೊತ್ತಿತ್ತು. ನಾನು ಆ ಹೊಸ ಕಟ್ಟೆಯ ಮೇಲೆ ಕುಳಿತು, ತಂಪಾಗಿದೆ ಎಂದು ಹೊಗಳಿ ಪೇಪರ್ ಬಿಡಿಸಿದ್ದೆ.

ಮಳೆಗಾಲಕ್ಕೆ ಮೊದಲೇ ಎದುರು ಮನೆಯ ನಾಗಮ್ಮ ಬಿದ್ದಳು. ಕಣ್ಣು ಮಂದವಾದ ಮುದುಕಿ, ರೊಟ್ಟಿ ಬಡಿದು ಮಾರಿ ಬದುಕುವವಳು. ಬಾಗಿಲ ಮುಂದಿನ ಕಲ್ಲು ಕಟಕ್ಕೆಂದು ಮುರಿದು ಕಾಲು ಗಟಾರದೊಳಗೆ ಹೋಯಿತು. ಎಲುಬು ಮುರಿಯಿತು, ಒಲೆ ಆರಿತು. ನನಗೆ ಸಿಟ್ಟು ಬಂತು. ಅದೇ ದಿನ ಎರಡು ಹಾಳೆ ಅರ್ಜಿ ಬರೆದೆ. ಮೆಂಬರು ಸ್ವೀಕರಿಸಿದ ಕಾಣಿಕೆಗಳನ್ನೆಲ್ಲ ಒಂದೂ ಬಿಡದೆ ಪಟ್ಟಿ ಮಾಡಿದೆ: ಕಲ್ಲು, ರೇಡಿಯೋ, ಮಾವಿನಹಣ್ಣಿನ ಬುಟ್ಟಿಗಳು. ಮೆಂಬರು ಮನಸ್ಸು ಮಾಡಿದರೆ ನನ್ನನ್ನು ಚಿಂಚೋಳಿಯ ಕಾಡಿನೊಳಗಿನ ಶಾಲೆಗೆ ವರ್ಗ ಮಾಡಿಸಬಹುದು ಎಂಬ ಭಯವೂ ಇತ್ತು. ಆದರೆ ಅರ್ಜಿಯ ಭಾಷೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಕಳಿಸದೆ ಇರಲು ಮನಸ್ಸಾಗಲಿಲ್ಲ.

ಅಂಚೆಗೆ ಹಾಕದೆ ಕೈಯಾರೆ ಕೊಡೋಣವೆಂದು ಚಿತ್ತಾಪುರದ ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿನ ಶಿರಸ್ತೇದಾರರು ಹಳೆಯ ಕಾಲದಲ್ಲಿ ಉರ್ದುವಿನಲ್ಲಿ ಓದಿ ನೌಕರಿ ಹಿಡಿದವರು. ಕನ್ನಡ ಮಾತಾಡುವುದು ನೀರು ಕುಡಿದಂತೆ, ಓದುವುದು ಮಾತ್ರ ಕಷ್ಟ. ಅದಕ್ಕೆ ಅವರದೊಂದು ರೂಢಿಯಿತ್ತು, ಅರ್ಜಿ ತಂದವನೇ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಬರೆಯುವಾಗ ಸಿಂಹದಂತಿದ್ದ ನನ್ನ ಅರ್ಜಿ ಗಟ್ಟಿಯಾಗಿ ಓದುವಾಗ ಬೆಕ್ಕಾಯಿತು. ರೇಡಿಯೋ ಬಂದದ್ದು ಹೇಗೆ ಗೊತ್ತು ಎಂದರು. ದಿನಾ ಅಲ್ಲೇ ಕುಳಿತು ವಾರ್ತೆ ಕೇಳುತ್ತೇನೆ ಎಂದೆ. ಮಾವಿನಹಣ್ಣು ಎಂಥವು ಎಂದರು. ಭಾಳ ಸಿಹಿ ಎಂದು ಬಾಯಿ ತಪ್ಪಿ ಹೇಳಿದೆ. ಬುಟ್ಟಿಯಲ್ಲಿನ ಅರ್ಧ ಡಜನ್ ನಮ್ಮ ಮನೆಗೂ ಬಂದಿದ್ದವು. ಕಟ್ಟೆಯ ಕಲ್ಲು ಎಷ್ಟು ದಪ್ಪ ಎಂದರು. ನಾನು ತೋರುಬೆರಳು ಹೆಬ್ಬೆರಳು ಅಗಲಿಸಿ ತಟ್ಟನೆ ಅಳತೆ ತೋರಿಸಿದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಹಾಸಿದ ಕಲ್ಲಿಂದು ದಪ್ಪ ಮ್ಯಾಲಿಂದ ಕಾಣ್ತದೇನ್ರಿ ಮಾಸ್ತರ್ರ? ಒಂದು ಕಲ್ಲು ಬಿಡಿಯಾಗಿ ಎಲ್ಲ್ಯೋ ನೋಡೀರಿ. ಅದು ಎಲ್ಲದ ಅಂತನೂ ಬರ್ಕೊಂಡು ಬರ್ರಿ.”

ಅದು ನಮ್ಮ ಹಿತ್ತಲಲ್ಲೇ ಇತ್ತು. ನನ್ನ ಹೆಂಡತಿಯನ್ನು ತಂಗಿ ಎಂದೇ ಕರೆಯುತ್ತಿದ್ದ ಬಸವಂತರಾಯರು, ಕಟ್ಟೆಗೆ ಹಾಕಿ ಉಳಿದ ಒಂದು ಕಲ್ಲನ್ನು, ತಂಗಿಗೆ ಬಟ್ಟೆ ಒಗೆಯಲು ಆದೀತು ಎಂದು ನಮ್ಮ ಮನೆಗೆ ಕಳಿಸಿದ್ದರು. ಅದು ಬರುವವರೆಗೆ ಶಾಂತಾಬಾಯಿ ಬಟ್ಟೆಯ ಗಂಟು ಹೊತ್ತು ಕಾಗಿಣಾ ನದಿಯವರೆಗೆ ನಡೆಯುತ್ತಿದ್ದಳು. ಕಲ್ಲು ಬಂದ ದಿನ ಅವಳು ಅದಕ್ಕೆ ಅರಿಸಿನ ಕುಂಕುಮ ಹಚ್ಚಿದ್ದಳು. ಮದುವೆಯಾಗಿ ಆರು ವರ್ಷದಲ್ಲಿ ನಾನು ತಂದ ಯಾವ ವಸ್ತುವಿಗೂ ಆ ಮರ್ಯಾದೆ ಸಿಕ್ಕಿರಲಿಲ್ಲ.

ಮನೆಗೆ ಬಂದವನೇ ಕಲ್ಲಿನ ಮೇಲೆ ಜೋಳದ ಒಣದಂಟಿನ ಕಣಿಕೆ ಒಟ್ಟಿ ಮುಚ್ಚತೊಡಗಿದೆ. ಶಾಂತಾಬಾಯಿ ಬಂದು ಏನು ಮಾಡುತ್ತಿದ್ದೀರಿ ಎಂದಳು. ತಪ್ಪಿಸಿಕೊಳ್ಳಲಾಗದೆ ಎಲ್ಲ ಹೇಳಿದೆ. ಅರ್ಜಿಯನ್ನೇ ಹರಿದು ಹಾಕಿದರೆ ಹೇಗೆ, ಕಲ್ಲೂ ಉಳಿಯುತ್ತದೆ, ನೌಕರಿಯೂ ಉಳಿಯುತ್ತದೆ ಎಂದೂ ಸೇರಿಸಿದೆ. ಅವಳು ನಾನು ಒಟ್ಟಿದ ಕಣಿಕೆಯನ್ನೆಲ್ಲ ಕಲ್ಲಿನ ಮೇಲಿಂದ ಎಳೆದು ಹಾಕಿದಳು.

“ನಾಗಮ್ಮನ ಕಾಲ ಕೆಳಗ ಇರಬೇಕಾಗಿದ್ದ ಕಲ್ಲು ನನ್ನ ಹಿತ್ತಲದಾಗ ಬಿದ್ದದ,” ಎಂದಳು. “ಇದರ ಮ್ಯಾಲ ಇನ್ನ ನನ್ನ ಕೈ ಹ್ಯಾಂಗ ಏಳ್ತದ್ರಿ. ಬರೀರಿ. ಮೊದ್ಲ ನಮ್ಮದು ಬರೀರಿ, ಆಮ್ಯಾಲ ಅವರದು.”

ಹಾಗೆಯೇ ಬರೆದೆ. ಈ ಸಲ ಅಕ್ಷರ ದುಂಡಗೆ ಬರಲಿಲ್ಲ.

ವಿಚಾರಣೆಗೆ ತಾಲ್ಲೂಕು ಕಚೇರಿಯ ಸಾಹೇಬರು ಬಂದ ದಿನ ಸಾಕ್ಷಿ ಹೇಳಲು ಓಣಿಯ ಒಂದು ನಾಯಿಯೂ ಹೊರಬರಲಿಲ್ಲ. ಸಾಹೇಬರು ಅರ್ಜಿ ಓದಿಸಿದರು. ಮೊದಲ ಸಾಲಿನಲ್ಲೇ ನಮ್ಮ ಹಿತ್ತಲ ಕಲ್ಲು ಬಂತು. ಬಸವಂತರಾಯರು ಮೀಸೆಯ ಮೇಲಿದ್ದ ಕೈ ಕೆಳಗಿಳಿಸಿದರು.

“ಬರ್ದದ್ದು ಖರೆ ಅದರಿ ಸಾಹೇಬ್ರ,” ಎಂದರು. “ಆ ತಂಗಿ ಅರಬಿ ಒಗಿಯೋ ಕಲ್ಲು ಬಿಟ್ಟುಕೊಟ್ಟಾಳ. ನಾ ಕಟ್ಟಿ ಮ್ಯಾಲ ಕುಂತು ಸುಳ್ಳು ಹ್ಯಾಂಗ ಹೇಳ್ಲಿ.”

ಕಟ್ಟೆಯ ಕಲ್ಲೆಲ್ಲ ಎದ್ದು ಗಟಾರದ ಮೇಲೆ ಕೂತವು. ನಮ್ಮ ಕಲ್ಲು ನಾಗಮ್ಮನ ಬಾಗಿಲ ಮುಂದೆ ಹೋಯಿತು. ಕಾಲು ಕೂಡಿದ ಮೇಲೆ ಅವಳು ಕೋಲೂರಿ ಅದರ ಮೇಲೆ ನಿಂತು, ಎರಡು ಸಲ ಕುಟ್ಟಿ ನೋಡಿ, ಒಲೆ ಹಚ್ಚಲು ಒಳಗೆ ಹೋದಳು. ಬಸವಂತರಾಯರು ನನ್ನನ್ನು ಚಿಂಚೋಳಿಗೆ ಕಳಿಸಲಿಲ್ಲ. ನಾಲ್ಕು ದಿನ ನಾನು ತಲೆ ತಪ್ಪಿಸಿ ಓಡಾಡಿದೆ. ಐದನೆಯ ದಿನ ಅವರೇ ಕರೆದು, ಅಗೆದ ಮಣ್ಣಿನ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ, ಪೇಪರ್ ಕೈಗಿಟ್ಟರು. ಆ ಮನುಷ್ಯನ ಋಣ, ಓದಿ ಹೇಳೆಂದ ಶಿರಸ್ತೇದಾರರ ಋಣ ನಾನು ಮರೆತಿಲ್ಲ. ಶಾಂತಾಬಾಯಿಯದನ್ನು ಮರೆಯುವ ಪ್ರಶ್ನೆಯೇ ಇಲ್ಲ, ಅವಳು ಮತ್ತೆ ನದಿಗೆ ನಡೆಯತೊಡಗಿದ್ದಳು.

ಅದನ್ನು ನೋಡಲಾರದೆ ನಾನೇ ಗಣಿಗೆ ಹೋಗಿ, ಸ್ವಂತ ದುಡ್ಡು ಕೊಟ್ಟು, ಪಾವತಿ ಬರೆಸಿಕೊಂಡು ಒಂದು ಕಲ್ಲು ತಂದೆ. ಪಾವತಿಯನ್ನು ಓಣಿಗೆಲ್ಲ ತೋರಿಸಿದೆ. ಅದರ ಮೇಲಿದ್ದ ಆಸಕ್ತಿಯಲ್ಲಿ ಕಲ್ಲನ್ನೇ ಸರಿಯಾಗಿ ನೋಡಿರಲಿಲ್ಲ. ಮೈಯೆಲ್ಲ ಮುಳ್ಳಿನಂತೆ ಒರಟು. ಮೊದಲ ದಿನವೇ ನನ್ನ ಅಂಗಿಯ ಗುಂಡಿಗಳೆಲ್ಲ ಒಡೆದವು. ಶಾಂತಾಬಾಯಿ ಅಂಗಿ, ಸೂಜಿ, ದಾರ ತಂದು ನನ್ನ ಪಕ್ಕದಲ್ಲಿಟ್ಟು ಹೋದಳು. ಅಂದಿನಿಂದ ನಮ್ಮ ಮನೆಯಲ್ಲಿ ಗುಂಡಿ ಹಚ್ಚುವ ಕೆಲಸ ನನ್ನದೇ. ಇದರ ಮೇಲೆ ಮಾತ್ರ ನಾನು ಇಂದಿನವರೆಗೆ ಎಲ್ಲಿಯೂ ಅರ್ಜಿ ಹಾಕಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ, ಎರಡು ಅಂಗಿ ಕಾಯುತ್ತಿವೆ.