ಅಪ್ಪನನ್ನು ಎಬ್ಬಿಸಿದ ಅತ್ತೆ

ನಮ್ಮ ಸೋದರತ್ತೆಗೆ ಹೆದರಿ ಗಬ್ಬೂರಿನಾಚೆಯ ಒಂದು ಹಳ್ಳಿಯಲ್ಲಿ ಹುಂಜಗಳು ಕೂಗುವುದನ್ನೇ ಬಿಟ್ಟಿದ್ದವು ಎಂದರೆ ನಂಬುತ್ತೀರಾ? ಕೂಗಿ ಪ್ರಯೋಜನವೇನು! ಅವು ಕಣ್ಣು ಬಿಡುವ ಮೊದಲೇ ಕೇಶ್ವಾಪುರದ ಮನೆಯಿಂದ ಅತ್ತೆಯ ಸ್ಕೂಟರು ಬಂದು ಹಾರ್ನು ಹೊಡೆದಿರುತ್ತಿತ್ತು.

ಅತ್ತೆ ಆ ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದಾಗ ಬೆಳಕು ಹರಿಯುವ ಮುನ್ನವೇ ಮಕ್ಕಳನ್ನು ಓದಲು ಎಬ್ಬಿಸುವುದು ಆ ಶಾಲೆಯ ಪದ್ಧತಿ. ಉಳಿದ ಮಾಸ್ತರರು ಫೋನು ಮಾಡಿ, ಮತ್ತೆ ಹೊದ್ದು ಮಲಗುತ್ತಿದ್ದರು. ಅತ್ತೆಗೆ ಅಷ್ಟರಲ್ಲಿ ಸಮಾಧಾನವೆಲ್ಲಿ? ಮನೆಮನೆಗೂ ಹೋಗಬೇಕು! ಒಮ್ಮೆ ಕತ್ತಲಲ್ಲಿ ಮನೆ ತಪ್ಪಿ, ಮಲಗಿದ್ದ ಅಜ್ಜನೊಬ್ಬನಿಗೆ ಕಿಟಕಿಯಿಂದಲೇ ಪ್ರಮೇಯ ಕೇಳಿದಳು.

"ಬರೂದಿಲ್ರೀ ಅಕ್ಕೋರ," ಎಂದು ಅಜ್ಜ ಕೈಮುಗಿದನಂತೆ.

"ಹಂಗಾರ ಹತ್ತ ಸಲ ಬರಿ," ಎಂದು ಹೇಳಿಯೇ ಬಂದಳು.

ಇಷ್ಟಾದರೂ ಒಬ್ಬ ಹುಡುಗಿ ಮಾತ್ರ ಗಣಿತದಲ್ಲಿ ಮೇಲೇಳಲೇ ಇಲ್ಲ. ತಾಯಿಯಿಲ್ಲದ ಮನೆ. "ಈ ಸಲ ಫೇಲಾದ್ರ ಸಾಲಿ ಸಾಕ್ರಿ. ಗೋಕುಲ ರೋಡಿನ ಫ್ಯಾಕ್ಟರಿಗೆ ಕಳಸ್ತೇನಿ," ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ. ಅತ್ತೆಗೆ ಪಿತ್ತ ನೆತ್ತಿಗೇರಿತು. ಮರುದಿನ ಆ ಮನೆಯ ಒಳಗೇ ನುಗ್ಗಿದಳು. ನೋಡಿದರೆ, ಹುಡುಗಿ ಆಗಲೇ ಎದ್ದು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ! ಗೊರಕೆ ಹೊಡೆಯುತ್ತಿದ್ದವನು ಅಪ್ಪ. ಇಷ್ಟು ದಿನ ಅತ್ತೆ ಎಬ್ಬಿಸಿದ್ದು ತಪ್ಪು ಆಸಾಮಿಯನ್ನು.

"ಏಳ್ರಿ ಯಜಮಾನ್ರ. ಆಕಿ ಓದ್ಲಿ, ರೊಟ್ಟಿ ನೀವು ಬಡೀರಿ."

"ನನಗ ಬರೂದಿಲ್ರೀ ಅಕ್ಕೋರ."

"ಆಕಿಗೂ ಗಣಿತ ಬರೂದಿಲ್ಲ. ಇಬ್ಬರೂ ಕಲೀರಿ."

ಅಂದಿನಿಂದ ದಿನವೂ ಅದೇ ಕ್ಲಾಸು. ಒಂದು ಮೂಲೆಯಲ್ಲಿ ಲೆಕ್ಕ, ಇನ್ನೊಂದು ಮೂಲೆಯಲ್ಲಿ ಜೋಳದ ಹಿಟ್ಟು. ಅಪ್ಪನ ಮೊದಲ ರೊಟ್ಟಿಗೆ ಮೂರೂವರೆ ಮೂಲೆಗಳಿದ್ದವಂತೆ! "ಇದರ ಕ್ಷೇತ್ರಫಲ ಹೆಂಗ ತಗೀತಿ?" ಎಂದು ಅತ್ತೆ ಮಗಳನ್ನು ಕೇಳಿದಳು. ಹುಡುಗಿ ಮೊದಲು ನಕ್ಕಳು, ಆಮೇಲೆ ಯೋಚಿಸತೊಡಗಿದಳು.

ಫಲಿತಾಂಶ ಬಂದ ಮರುದಿನ ನಸುಕಿನಲ್ಲಿ ಅತ್ತೆಯ ಮನೆಯ ಬಾಗಿಲು ದಬದಬ ಬಡಿದ ಸದ್ದಾಯಿತು. ನಾನೂ ಅಲ್ಲೇ ಇದ್ದೆ. ಬಾಗಿಲಲ್ಲಿ ಆ ಅಪ್ಪ, ಮಗಳು.

"ಗಣಿತದಾಗ ಪಾಸಾದ್ಳರಿ. ಕಾಲೇಜಿಗೆ ಹಚ್ತೇನಿ," ಎಂದ ಅಪ್ಪ, ಬಟ್ಟೆಯ ಗಂಟು ಬಿಚ್ಚಿದ. "ನಾನ ಬಡದೇನ್ರಿ."

ರೊಟ್ಟಿಗಳು ದುಂಡಗಿದ್ದವು. ಊರನ್ನೇ ಎಬ್ಬಿಸುವ ಅತ್ತೆ ಒಂದು ಚೂರು ಮುರಿದು ತಿಂದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನೂ ದಿನಾ ನಮ್ಮನಿ ರೊಟ್ಟಿ ಬಡದಿಟ್ಟ ನಿಮ್ಮನಿಗಿ ಬರ್ತಿದ್ನವಾ," ಎಂದಳು ಹುಡುಗಿಗೆ. "ಒಬ್ಬರು ಬಡದು ಕೈಯಾಗ ಕೊಟ್ಟದ್ದು ಇದ ಮೊದಲ."

ಒಳಗೆ ಮಲಗಿದ್ದ ಮಾವ ಇದನ್ನು ಕೇಳಿ ಎದ್ದು ಬಂದು, ತಾವೇ ಎಲ್ಲರಿಗೂ ತಟ್ಟೆ ತಂದಿಟ್ಟರು.